ಪ್ರತಿ: ಇಬ್ಬರ ಅಡ್ಡಹೆಸರೂ ಸೈಕ್ಸ್, ಆದರೆ ಅಪ್ಪನಿಂದ ಮಗನಿಗೆ ಮಾತ್ರ ಬರುವ ವೈ-ಡಿಎನ್‌ಎ ಬೇರೆ. ವಂಶವೃಕ್ಷವೇ ತಪ್ಪಾ?

ಹಿಂದೆ ಎಲ್ಲೋ ಒಂದು ಕಡೆ ಮಗುವಿಗೆ ದತ್ತು ತಂದೆಯದ್ದೋ ತಾಯಿಯದ್ದೋ ಹೆಸರು ಬಂದಿರಬೇಕು. ಇಲ್ಲವೇ ಮೊದಲಿಂದಲೇ ಎರಡು ಮನೆತನ. ‘ಸೈಕ್’ ಅಂದರೆ ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆ ಸಣ್ಣ ತೊರೆ. ತೊರೆ ಪಕ್ಕದ ಮನೆಗಳು ಒಂದೆರಡಲ್ಲ, ಹಲವು ಮನೆಗೆ ಇದೇ ಹೆಸರು ಬಂದಿರಬಹುದು ಅಲ್ವಾ? 2000ದಲ್ಲಿ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ ತಮ್ಮದೇ ಅಡ್ಡಹೆಸರಿನ ಗಂಡಸರನ್ನು ಪರೀಕ್ಷಿಸಿದಾಗ, ಒಂದೇ ವೈ-ಡಿಎನ್‌ಎ ಗುರುತು ಸಿಕ್ಕಿದ್ದು ಅರ್ಧಕ್ಕಿಂತ ತುಸು ಕಡಿಮೆ ಜನರಲ್ಲಿ. ಸುಮ್ನೆ ಗಾಬರಿಯಾಗಬೇಡಿ.

ಮೊದಲು ಇಬ್ಬರ ಹ್ಯಾಪ್ಲೋಗ್ರೂಪ್ (ವೈ-ಡಿಎನ್‌ಎ ಸೇರುವ ದೊಡ್ಡ ಗುಂಪು) ಹೋಲಿಸಿ. ಅದೇ ಬೇರೆಯಾದರೆ ಗಂಡು ಸಾಲು ಬೇರೆ, ಮುಗೀತು. ಆಮೇಲೆ ನಿಮ್ಮ ಅಜ್ಜನ (ಅಪ್ಪನ ಅಪ್ಪ) ತಮ್ಮನ ಮೊಮ್ಮಗನಿಂದ (ಮಗನ ಮಗ) ಪರೀಕ್ಷೆ ಮಾಡಿಸಿ. ನಿಮ್ಮದಕ್ಕೆ ಹೊಂದಿದರೆ ಮುತ್ತಜ್ಜನವರೆಗೆ ನಿಮ್ಮ ಸಾಲು ಸರಿ. ಅಲ್ಲಿಂದ ಹಿಂದಕ್ಕೆ, 1837ರ ನಂತರದ ಇಂಗ್ಲೆಂಡಿನ ಜನನ ಪತ್ರಗಳಲ್ಲಿ ತಂದೆಯ ಕಾಲಂ ಖಾಲಿ ಇದೆಯಾ ನೋಡಿ. ತಪ್ಪಿದ್ದು ಇನ್ನೊಬ್ಬರ ಕಡೆಯೂ ಇರಬಹುದು, ಅವರಿಗೂ ಇದನ್ನೇ ಹೇಳಿ.