ಪ್ಲೈವುಡ್ ಬಳಸಿದರೆ ಕಾಡು ಉಳಿಯುತ್ತದೆಯೇ?

ಪ್ರಶ್ನೆ: ಹೊಸ ಮನೆಯ ಕಪಾಟುಗಳಿಗೆ ತೇಗ, ಹಲಸಿನ ಬದಲು ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿದ ಹಲಗೆ) ಹಾಕಿಸಿದರೆ ಪರಿಸರಕ್ಕೆ ಒಳ್ಳೆಯದೆಂದು ನಮ್ಮ ಎಂಜಿನಿಯರ್ ಹೇಳುತ್ತಾರೆ. ಅದಕ್ಕೂ ಮರವನ್ನೇ ಕಡಿಯಬೇಕಲ್ಲವೇ? ಇದನ್ನು ನವೀಕರಿಸಬಹುದಾದ ವಸ್ತು ಎನ್ನುವುದು ಎಷ್ಟು ಸರಿ?
– ಓದುಗರೊಬ್ಬರು, ಸಾಗರ

ಉತ್ತರ: ಮರ ಕಡಿಯಲೇಬೇಕು, ನಿಮ್ಮ ಸಂದೇಹ ನ್ಯಾಯವಾದದ್ದೇ. ಆದರೆ ಯಾವ ಮರ, ಅದು ಬೆಳೆದದ್ದೆಲ್ಲಿ ಎಂಬುದನ್ನು ನೋಡಬೇಕು. ಒಂದು ಕಾಲದಲ್ಲಿ ನಮ್ಮ ದೇಶದ ಪ್ಲೈವುಡ್ ಕಾರ್ಖಾನೆಗಳು ಕಾಡಿನ ದಪ್ಪ ದಿಮ್ಮಿಗಳನ್ನೇ ನಂಬಿಕೊಂಡಿದ್ದವು. 1996ರ ಡಿಸೆಂಬರ್ 12ರಂದು ಕಾಡಿನ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೇಂದ್ರ ಸರ್ಕಾರ ಒಪ್ಪಿದ ಕಾರ್ಯಯೋಜನೆಯಿಲ್ಲದೆ ಕಾಡಿನಲ್ಲಿ ಮರ ಕಡಿಯಕೂಡದೆಂದು ಆದೇಶಿಸಿದ ಮೇಲೆ, ಈ ಉದ್ಯಮ ರೈತರ ಜಮೀನಿನತ್ತ ಇನ್ನಷ್ಟು ವೇಗವಾಗಿ ತಿರುಗಿತು. ಇಂದು ಹರಿಯಾಣದ ಯಮುನಾನಗರದ ಕಾರ್ಖಾನೆಗಳಿಗೆ ಪಾಪ್ಲರ್ ಮತ್ತು ನೀಲಗಿರಿ, ಕೇರಳದ ಪೆರುಂಬಾವೂರಿಗೆ ಹಾಲು ಕಡಿಮೆಯಾದ ಹಳೆಯ ರಬ್ಬರ್ ಮರ, ನಮ್ಮಲ್ಲಿ ಕಾಫಿ ತೋಟದ ಸಿಲ್ವರ್ ಓಕ್ ಮತ್ತು ಹೊಲದ ಬದುವಿನ ಹೆಬ್ಬೇವು ಒದಗುತ್ತಿವೆ.

ಹೆಬ್ಬೇವು ಆರೆಂಟು ವರ್ಷಗಳಲ್ಲಿ ಕಟಾವಿಗೆ ಬರುತ್ತದೆ. ಅಷ್ಟು ಬೇಗ ಬೆಳೆದ ಮೆದು ಮರದಿಂದ ತೇಗದಂತಹ ಬಾಗಿಲು ಮಾಡಲಾಗುವುದಿಲ್ಲ. ಆದರೆ ಅದರ ದಿಮ್ಮಿಯನ್ನು ಉದ್ದನೆಯ ಅಲಗಿಗೆ ಒತ್ತಿ ತಿರುಗಿಸಿದರೆ, ಸುತ್ತಿಟ್ಟ ಚಾಪೆ ಬಿಚ್ಚಿಕೊಂಡಂತೆ ತೆಳುವಾದ ಹಾಳೆ ಹೊರಬರುತ್ತದೆ. ಆ ಹಾಳೆಗಳನ್ನು ಒಣಗಿಸಿ, ಒಂದರ ನಾರು ಉದ್ದಕ್ಕೆ, ಮುಂದಿನದರ ನಾರು ಅಡ್ಡಕ್ಕೆ ಬರುವಂತೆ ಅಂಟು ಹಚ್ಚಿ ಜೋಡಿಸಿ, ಬಿಸಿಯಲ್ಲಿ ಒತ್ತಿದಾಗ, ಒಂದು ಪದರ ಹಿಗ್ಗದಂತೆ ಇನ್ನೊಂದು ಪದರ ಹಿಡಿದುಕೊಳ್ಳುವುದರಿಂದ, ಇಡಿಯ ಮರದ ಅಗಲ ಹಲಗೆಯಷ್ಟು ಇದು ಸೊಟ್ಟಗಾಗುವುದಿಲ್ಲ. ಸಣ್ಣ ಕೊಂಬೆ, ದಿಮ್ಮಿಯ ಅಂಚಿನ ಚೂರು, ಸಾಮಿಲ್ಲಿನ ಹೊಟ್ಟು ಇವೂ ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡಿಗೆ ಮತ್ತು ಎಂಡಿಎಫ್‌ಗೆ ಸಲ್ಲುತ್ತವೆ.

ಒಣ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವೇ ಇರುತ್ತದೆ. ಹಲಗೆ ಮನೆಯಲ್ಲಿ ಇರುವಷ್ಟು ಕಾಲ ಆ ಇಂಗಾಲ ಗಾಳಿಗೆ ಸೇರುವುದಿಲ್ಲ. ನನ್ನ ಅಭಿಪ್ರಾಯ ನಿಂತಿರುವುದು ಇಲ್ಲಿಯೇ: ಆರೆಂಟು ವರ್ಷ ಬೆಳೆದ ಮರದ ಹಲಗೆ ಮೂರು ವರ್ಷಕ್ಕೇ ಉಬ್ಬಿ ತಿಪ್ಪೆ ಸೇರಿದರೆ, ಮರ ತೋಟದಲ್ಲೇ ಬೆಳೆದಿದ್ದರೂ ಅದನ್ನು ನವೀಕರಿಸಬಹುದಾದ ವಸ್ತು ಎನ್ನಲು ನಾನು ಒಪ್ಪುವುದಿಲ್ಲ. ಅಲ್ಲದೆ ಅದರ ಅಂಟು ಮರದಂತೆ ಮತ್ತೆ ಬೆಳೆಯುವಂಥದ್ದಲ್ಲ. ಇಂಥ ಹಲಗೆಗಳಿಗೆ ಬಳಸುವ ಯೂರಿಯಾ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ನಿಧಾನವಾಗಿ ಹೊರಬರುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಇದನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿದೆ. ಮಲಗುವ ಕೋಣೆಗೆ ಕೊಳ್ಳುವಾಗ ಇ1 (ಈ ಅನಿಲ ಕಡಿಮೆ ಹೊರಬರುವ ಹಲಗೆಯ ದರ್ಜೆ) ಅಥವಾ ಅದಕ್ಕಿಂತ ಕಡಿಮೆ ಹೊರಸೂಸುವಿಕೆಯ ಹಲಗೆಯನ್ನೇ ಕೇಳಿರಿ.

ಪ್ರಶ್ನೆ: ಹಾಗಾದರೆ ಎಲ್ಲಿಗೆ ಯಾವುದನ್ನು ಹಾಕಿಸಬೇಕು? ಅಂಗಡಿಯಲ್ಲಿ ಗುಣಮಟ್ಟ ತಿಳಿಯುವುದು ಹೇಗೆ?

ಉತ್ತರ: ಸಾಗರದಂತಹ ಮಳೆಯೂರಿನಲ್ಲಿ ಸಿಂಕಿನ ಕೆಳಗೆ ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡ್ ಖಂಡಿತ ಬೇಡ. ಒಮ್ಮೆ ನೀರು ಕುಡಿದು ಉಬ್ಬಿದರೆ ಅವು ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ, ಸ್ಕ್ರೂ ಕೂಡ ಸಡಿಲವಾಗುತ್ತದೆ. ಅಲ್ಲಿಗೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿರುವ, ನೀರು ತಾಳುವ ಮರೈನ್ ಪ್ಲೈವುಡ್ ಆಗಬೇಕು. ಆ ಮಾನಕದ ಪ್ರಕಾರ ಅದರ ಅಂಟು 72 ಗಂಟೆ ಕುದಿಯುವ ನೀರನ್ನು ತಾಳಬೇಕು. ಕೋಣೆಯೊಳಗಿನ ಒಣ ಗೋಡೆಯ ಕಪಾಟಿನ ಬಾಗಿಲಿಗೆ, ನಾಲ್ಕೂ ಅಂಚಿಗೆ ಪಟ್ಟಿ ಹೊಡೆಸುವುದಾದರೆ, ಎಂಡಿಎಫ್ ಸಾಕು.

ಅಂಗಡಿಯಲ್ಲಿ ಮೇಲಿನ ಮುಖ ನೋಡಿ ಮರುಳಾಗದೆ ಕೊಯ್ದ ಅಂಚನ್ನು ನೋಡಿರಿ. ಪದರಗಳ ನಡುವೆ ಬೆಳಕು ತೂರುವ ಸಂದುಗಳಿದ್ದರೆ, ಒಳಪದರ ಒಂದರ ಮೇಲೊಂದು ಹತ್ತಿದ್ದರೆ ಅದನ್ನು ಬಿಡಿ. ನೀರು ತಾಳುವ ಫೀನಾಲ್ ಅಂಟಿನ ಗೆರೆ ಕಡುಕಂದು ಬಣ್ಣದ್ದು. ಆದರೆ ಅಗ್ಗದ ಅಂಟಿಗೆ ಬಣ್ಣ ಬೆರೆಸುವವರೂ ಇರುವುದರಿಂದ ಅದೊಂದನ್ನೇ ನಂಬಬೇಡಿ. ಒಂದು ತುಂಡನ್ನು ಕೇಳಿ ತಂದು, ಹಳೆಯ ಪಾತ್ರೆಯಲ್ಲಿ ಕೆಲವು ಗಂಟೆ ಕುದಿಸಿ, ಪದರದ ಸಂದಿಗೆ ಚಾಕು ತೂರಿಸಿ ನೋಡಿದರೆ ಕೆಟ್ಟ ಅಂಟು ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ಕೊಟ್ಟಿಗೆಯ ಚಾವಣಿಗೆ ಸಿಮೆಂಟ್ ಶೀಟಿನ ಬದಲು ಇಂಥದ್ದೇನಾದರೂ ಇದೆಯೇ?

ಉತ್ತರ: ಇದೆ. ಹೆಣೆದ ಬಿದಿರು ಚಾಪೆಗಳಿಗೆ ಫೀನಾಲ್ ಅಂಟು ಉಣಿಸಿ, ಅಲೆಯಲೆಯಾಗಿ ಒತ್ತಿ ಮಾಡುವ ಚಾವಣಿ ಹಾಳೆಯನ್ನು ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಬಿಸಿಲಿನಲ್ಲಿ ಇದು ತಗಡಿನಷ್ಟು ಕಾಯುವುದಿಲ್ಲ. ಅಳತೆಗೆ ಕೊಯ್ದ ಅಂಚುಗಳಿಗೆ ಮತ್ತು ಸ್ಕ್ರೂ ತೂತುಗಳಿಗೆ ಬಣ್ಣ ಬಳಿಸದೆ ಮಾತ್ರ ಮೇಲೇರಿಸಬೇಡಿ, ನೀರು ಮೊದಲು ಒಳಹೋಗುವುದು ಅಲ್ಲಿಂದಲೇ.