ಸಂಬಳದ ಸರ್ವೆ ನಾವೇ ಮಾಡಬಹುದಾ?

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದು ವಾಲ್ವ್ ಬಿಡಿಭಾಗ ಮಾಡುವ ಫ್ಯಾಕ್ಟರಿ, 140 ಜನ ಇದ್ದೇವೆ. ಎಚ್‌ಆರ್ ಅಂದರೆ ನಾನೊಬ್ಬಳೇ. ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಮೆಷಿನ್) ಹುಡುಗರು ಒಬ್ಬೊಬ್ಬರಾಗಿ ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾ ಕಡೆ ಹೋಗುತ್ತಿದ್ದಾರೆ. ಕೇಳಿದರೆ "ಅಲ್ಲಿ 24 ಸಾವಿರ ಕೊಡ್ತಾರ್ರೀ ಮೇಡಂ" ಅಂತಾರೆ, ನಾವು ಕೊಡುವುದು 18. ಏಜೆನ್ಸಿಗೆ ಕೊಡಲು ದುಡ್ಡಿಲ್ಲ, ನೀವೇ ಸರ್ವೆ ಮಾಡಿ ಅಂತ ಎಂ.ಡಿ. ಹೇಳಿದ್ದಾರೆ. ಅಕ್ಕಪಕ್ಕದವರಿಗೆ ಗೂಗಲ್ ಫಾರಂ ಕಳಿಸಿದರೆ ಸಾಕಾ?

ಉತ್ತರ: ಫಾರಂ ಕೊನೆಯ ಕೆಲಸ. ಮೊದಲು ಎಂ.ಡಿ. ಅವರನ್ನು ಒಂದು ಮಾತು ಕೇಳಿಬಿಡಿ: ನಾವು ಕಡಿಮೆ ಕೊಡುತ್ತಿದ್ದೇವೆ ಅಂತ ಗೊತ್ತಾದರೆ ಎಷ್ಟು ಏರಿಸುತ್ತೀರಿ, ಯಾರಿಗೆ? ಅದಕ್ಕೆ "ಆಮೇಲೆ ನೋಡೋಣ" ಅಂದರೆ ಸರ್ವೆ ಬೇಡವೇ ಬೇಡ. ಸರ್ವೆ ನಡೀತಿದೆ ಅನ್ನುವ ಸುದ್ದಿ ಒಂದೇ ಶಿಫ್ಟಿನಲ್ಲಿ ಶಾಪ್ ಫ್ಲೋರ್ ತುಂಬಾ ಹಬ್ಬುತ್ತದೆ. ಆಸೆ ಹುಟ್ಟಿಸಿ ಸುಮ್ಮನಾದರೆ ಇರುವವರೂ ಬೇರೆ ಕಡೆ ಹುಡುಕಲು ಶುರು ಮಾಡುತ್ತಾರೆ.

ಎಲ್ಲ ಹುದ್ದೆಗಳನ್ನೂ ಹಿಡಿಯಬೇಡಿ. ಜನ ಬಿಡುತ್ತಿರುವ, ಬೇರೆ ಫ್ಯಾಕ್ಟರಿಗಳಲ್ಲೂ ಇರುವ ಐದಾರು ಕೆಲಸ ಸಾಕು. ಆಪರೇಟರ್, ಸೆಟ್ಟರ್ (ಟೂಲ್ ಕೂರಿಸಿ ಮೆಷಿನ್ ಸಿದ್ಧ ಮಾಡುವವನು), ಕ್ವಾಲಿಟಿ ಇನ್‌ಸ್ಪೆಕ್ಟರ್, ಎಲೆಕ್ಟ್ರಿಷಿಯನ್, ಸ್ಟೋರ್ಸ್. ಕಂಪನಿಯವರೇ ಮಾಡಿಕೊಳ್ಳುವ ಸರ್ವೆಗಳು ಹಳಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಹುದ್ದೆಯ ಹೆಸರು ಕೇಳುತ್ತಾರೆ, ಕೆಲಸ ಏನು ಅಂತ ಕೇಳುವುದಿಲ್ಲ. ಒಂದು ಕಡೆ ಸಿಎನ್‌ಸಿ ಆಪರೇಟರ್ ಅಂದರೆ ಜಾಬ್ ಹಾಕಿ ಬಟನ್ ಒತ್ತುವವನು, ಇನ್ನೊಂದು ಕಡೆ ಅದೇ ಹೆಸರಿನವನು ಟೂಲ್ ಸೆಟ್ ಮಾಡಿ, ಪ್ರೋಗ್ರಾಂ ತಿದ್ದಿ, ಮೊದಲ ಪೀಸನ್ನೂ ತಾನೇ ಅಳೆದು ಪಾಸ್ ಮಾಡುತ್ತಾನೆ. ಇಬ್ಬರ ಸಂಬಳ ಪಕ್ಕಪಕ್ಕ ಇಟ್ಟರೆ ಏನು ಗೊತ್ತಾಗುತ್ತದೆ? ಆದ್ದರಿಂದ ಪ್ರತಿ ಹುದ್ದೆಗೂ ಫಾರಂನಲ್ಲಿ ಎರಡು ಸಾಲು ಬರೆಯಿರಿ: "ಸೆಟ್ ಮಾಡಿಕೊಟ್ಟ ಮೆಷಿನ್ನಿನಲ್ಲಿ ಜಾಬ್ ಹಾಕುತ್ತಾರೆ, ಆಫ್‌ಸೆಟ್ ತಿದ್ದುತ್ತಾರೆ, ಮೈಕ್ರೋಮೀಟರಿನಲ್ಲಿ ಅಳೆಯುತ್ತಾರೆ. ಟೂಲ್ ಸೆಟಿಂಗ್ ಇಲ್ಲ. ಐಟಿಐ, 2ರಿಂದ 4 ವರ್ಷ ಅನುಭವ." ಇದರಲ್ಲಿ ಸುಮಾರು 70 ಪರ್ಸೆಂಟ್ ಹೊಂದಿದರೆ ಮಾತ್ರ ಸಂಬಳ ಬರೆಯಿರಿ, ಇಲ್ಲವಾದರೆ ಖಾಲಿ ಬಿಡಿ ಅನ್ನಿ. ಸಂಬಳದ ಸರ್ವೆ ಮಾಡುವವರು ರೂಢಿಯಲ್ಲಿ ಇಟ್ಟುಕೊಂಡಿರುವ ಅಳತೆ ಅದು.

ಈಗ ಆ 24 ಸಾವಿರದ ವಿಷಯ. ಎಷ್ಟು ಗಂಟೆಗೆ ಅಂತ ಕೇಳಿದಿರಾ? 26 ದಿನ, 8 ಗಂಟೆ ಶಿಫ್ಟಿಗೆ 18 ಸಾವಿರ ಅಂದರೆ ಗಂಟೆಗೆ 86 ರೂಪಾಯಿ ಚಿಲ್ಲರೆ ಬೀಳುತ್ತದೆ. ಅದೇ 26 ದಿನ 12 ಗಂಟೆ ದುಡಿಸಿ 24 ಸಾವಿರ ಕೊಟ್ಟರೆ ಗಂಟೆಗೆ ಬರೀ 77. ಹಾಗಾದರೆ ಹುಡುಗ ಹೋಗಿದ್ದು ಕಡಿಮೆ ದರಕ್ಕೆ! ಹಾಗಂತ ಅವನಿಗೆ ತಿಳಿವಳಿಕೆ ಇಲ್ಲ ಅಂದುಕೊಳ್ಳಬೇಡಿ. ಅವನಿಗೆ ಬೇಕಿರುವುದು ತಿಂಗಳ ಕೊನೆಗೆ ಕೈಗೆ ಬರುವ ದುಡ್ಡು, ಮನೆ ಬಾಡಿಗೆ ಗಂಟೆ ಲೆಕ್ಕದಲ್ಲಿ ಕಟ್ಟಲು ಆಗುವುದಿಲ್ಲವಲ್ಲ. ಕಾನೂನಿನಂತೆ ಓವರ್‌ಟೈಮಿಗೆ ಎರಡು ಪಟ್ಟು ದರ ಕೊಡಬೇಕು, ಆ ಫ್ಯಾಕ್ಟರಿಯಲ್ಲಿ ಕೊಡುತ್ತಾರಾ ಅನ್ನುವುದು ಬೇರೆ ಮಾತು. ನಿಮ್ಮ ಫಾರಂನಲ್ಲಂತೂ ಶಿಫ್ಟ್ ಎಷ್ಟು ಗಂಟೆ, ವಾರಕ್ಕೆ ಎಷ್ಟು ದಿನ, ಓಟಿ ಸೇರಿಸಿ ಹೇಳಿದ ಸಂಬಳವಾ, ಬಿಟ್ಟು ಹೇಳಿದ್ದಾ, ಇಷ್ಟೂ ಇರಲೇಬೇಕು.

ಕೈಗೆ ಬರುವ ದುಡ್ಡು ಮತ್ತು ಗ್ರಾಸ್ (ಪಿಎಫ್‌ನಂಥ ಕಡಿತಕ್ಕೆ ಮೊದಲಿನ ಸಂಬಳ) ಬೆರೆತುಹೋದರೂ ಇದೇ ಗತಿ. ಒಬ್ಬರು 15 ಸಾವಿರದ ಮಿತಿಯ ಮೇಲೆ ಪಿಎಫ್ ಅಂತ 1,800 ಹಿಡಿಯುತ್ತಾರೆ, ಇನ್ನೊಬ್ಬರು ಪೂರ್ತಿ ಬೇಸಿಕ್ ಮೇಲೆ 12 ಪರ್ಸೆಂಟ್ ಹಿಡಿಯುತ್ತಾರೆ. ಮತ್ತೊಬ್ಬರು ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿಸಿ ಸಿಟಿಸಿ, ಅಂದರೆ ಕಂಪನಿಗೆ ಬೀಳುವ ಒಟ್ಟು ಖರ್ಚು, ಹೇಳುತ್ತಾರೆ. ಎಲ್ಲರಿಂದಲೂ ತಿಂಗಳ ಗ್ರಾಸ್ ಒಂದನ್ನೇ ಕೇಳಿ. ಬೋನಸ್, ಹಾಜರಿ ಇನ್ಸೆಂಟಿವ್, ಬಸ್, ಕ್ಯಾಂಟೀನ್ ಪ್ರತ್ಯೇಕ ಕಾಲಂ. ಎಲ್ಲ ಅಂಕಿಯೂ ಒಂದೇ ತಾರೀಖಿನದಾಗಿರಲಿ. ಕರ್ನಾಟಕದಲ್ಲಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಬದಲಾಗುವುದರಿಂದ ಮಾರ್ಚ್ ಮತ್ತು ಮೇ ತಿಂಗಳ ಸಂಬಳ ಬೆರೆಸಬಾರದು.

ಯಾರನ್ನು ಕೇಳಬೇಕು? ನಿಮ್ಮ ಹುಡುಗರು ಎಲ್ಲಿಗೆ ಹೋದರೋ ಅವರನ್ನು, ಎಲ್ಲಿಂದ ಬಂದರೋ ಅವರನ್ನು. ಬಸ್ ತಯಾರಿಸುವಂಥ ದೊಡ್ಡ ಪ್ಲಾಂಟಿನ ಕಾಯಂ ನೌಕರರ ಸಂಬಳ ನೋಡಿ ಗಾಬರಿಯಾಗಬೇಡಿ, ಅದನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ. ತಾರಿಹಾಳ, ಗೋಕುಲ ರೋಡ್, ರಾಯಾಪುರ, ಬೇಲೂರು ಸೇರಿ ನಿಮ್ಮ ಅಳತೆಯ ಎಂಟು ಹತ್ತು ಘಟಕ ಸಿಕ್ಕರೆ ಗೆದ್ದಂತೆ. ಆದರೆ ಉತ್ತರ ನೇರ ನಿಮಗೆ ಬರುವುದು ಬೇಡ. ಎಲ್ಲರಿಗೂ ನಂಬಿಕೆ ಇರುವ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಬರಲಿ, ಅವರು ಹೆಸರು ತೆಗೆದು ಒಟ್ಟು ಲೆಕ್ಕ ಮಾತ್ರ ಕೊಡಲಿ. ಅಮೆರಿಕದಲ್ಲಿ 1996ರಿಂದ 2023ರವರೆಗೆ ಸರ್ಕಾರದ್ದೇ ಒಂದು ಮಾರ್ಗಸೂಚಿ ಇತ್ತು: ಸರ್ವೆ ಮೂರನೆಯವರು ನಡೆಸಬೇಕು, ಅಂಕಿಗಳು 3 ತಿಂಗಳಿಗಿಂತ ಹಳೆಯವಾಗಿರಬೇಕು, ಪ್ರತಿ ಅಂಕಿಯ ಹಿಂದೆ ಕನಿಷ್ಠ 5 ಸಂಸ್ಥೆ ಇರಬೇಕು, ಆ ಅಂಕಿಯಲ್ಲಿ ಯಾವ ಒಂದು ಸಂಸ್ಥೆಯ ಪಾಲೂ 25 ಪರ್ಸೆಂಟ್ ಮೀರಬಾರದು. ಈಗ ಅದನ್ನು ಹಿಂತೆಗೆದುಕೊಂಡಿದ್ದಾರೆ, ಆದರೂ ಗುಟ್ಟು ಕಾಪಾಡಲು ಒಳ್ಳೆಯ ಅಳತೆ. ಮತ್ತೆ, ಮಾಲೀಕರೆಲ್ಲ ಚಹಾಕ್ಕೆ ಸೇರಿ "ಯಾರೂ 18ರ ಮೇಲೆ ಕೊಡೋದು ಬೇಡ" ಅಂತ ಮಾತಾಡಿಕೊಳ್ಳಲು ಈ ಸರ್ವೆ ನೆಪ ಆಗಬಾರದು. ಅದು ಕಾಂಪಿಟಿಷನ್ ಕಾಯ್ದೆಯ ತೊಡಕನ್ನು ಮೈಮೇಲೆ ಎಳೆದುಕೊಂಡಂತೆ.

ಅಂಕಿ ಬಂದ ಮೇಲೆ ಸರಾಸರಿ ಹಾಕಬೇಡಿ. ಉದಾಹರಣೆಗೆ ಏಳು ಕಡೆಯಿಂದ 16,500, 17,000, 17,500, 18,000, 18,500, 19,000, 34,000 ಅಂತ ಬಂತು ಅನ್ನಿ. ಸರಾಸರಿ 20 ಸಾವಿರ ದಾಟುತ್ತದೆ, ಆದರೆ ಏಳರಲ್ಲಿ ಆರು ಜನ ಅಷ್ಟು ಕೊಡುವುದೇ ಇಲ್ಲ. ಸಾಲಾಗಿ ಬರೆದು ನಡುವಿನದು ನೋಡಿ, 18,000. ಆ 34 ಸಾವಿರದವರಿಗೆ ಒಂದು ಫೋನ್ ಮಾಡಿಸಿ, ಬಹುಶಃ ಅದು ಸೆಟ್ಟರ್ ಸಂಬಳ ಇರುತ್ತದೆ.

ಏರಿಸುವಾಗ ಇನ್ನೊಂದು ನೋಡಿಕೊಳ್ಳಿ. ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಸಿಗುವ ಸಂಬಳದ ಮಿತಿ 21,000. 20,500 ಇದ್ದವರನ್ನು 21,500ಕ್ಕೆ ಒಯ್ದರೆ ಆಗ ನಡೆಯುತ್ತಿರುವ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ಅವರು ಇಎಸ್‌ಐಯಿಂದ ಹೊರಬೀಳುತ್ತಾರೆ, ಮುಂದೆ ಮನೆಮಂದಿಯ ಆಸ್ಪತ್ರೆ ಸೌಲಭ್ಯವೂ ಹೋಗುತ್ತದೆ. ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇರುವವರಿಗೆ ಅದು ಏರಿಕೆಯೇ ಅಲ್ಲ. ಒಂದೋ ಇನ್ನೂ ಜಾಸ್ತಿ ಏರಿಸಿ, ಇಲ್ಲ ಮೆಡಿಕಲ್ ಇನ್ಶೂರೆನ್ಸ್ ಮಾಡಿಸಿ.

ಪ್ರಶ್ನೆ: ರಾಣೇಬೆನ್ನೂರಿನಲ್ಲಿ ಬೀಜದ ಕಂಪನಿ ನಮ್ಮದು. ಬೇರೆ ಬೀಜ ಕಂಪನಿಗಳಿಗೆ ಫೋನ್ ಮಾಡಿದರೆ ಯಾರೂ ಸಂಬಳ ಹೇಳುವುದಿಲ್ಲ. ಏನು ಮಾಡಲಿ?

ಉತ್ತರ: ಅವರು ಯಾಕೆ ಹೇಳಬೇಕು? ಅವರಿಗೆ ಏನು ಸಿಗುತ್ತದೆ ಅಂತ ಮೊದಲು ಹೇಳಿ. ನಿಮ್ಮ ಅಂಕಿ ಮೊದಲು ಮಧ್ಯಸ್ಥರ ಕೈಗೆ ಕೊಟ್ಟು, ಉತ್ತರಿಸಿದವರಿಗೆಲ್ಲ ಒಟ್ಟು ಫಲಿತಾಂಶ ಕೊಡುತ್ತೇವೆ ಅನ್ನಿ. ಕರಾರುವಾಕ್ ಅಂಕಿ ಬೇಡ, "15ರಿಂದ 18 ಸಾವಿರ" ಅನ್ನುವಂಥ ಮಿತಿ ಟಿಕ್ ಮಾಡಿದರೂ ಸಾಕು. ಬೀಜದವರನ್ನೇ ಹಿಡಿದುಕೊಂಡು ಕೂರುವುದೂ ಬೇಡ. ನಿಮ್ಮ ಫೀಲ್ಡ್ ಹುಡುಗರು ಗೊಬ್ಬರ, ಕೀಟನಾಶಕ, ಫೈನಾನ್ಸ್ ಕಂಪನಿಗೂ ಹೋಗುತ್ತಾರೆ, ಅಲ್ವಾ? ಅವರನ್ನೂ ಕೇಳಿ. ಕ್ರಾಸಿಂಗ್‌ಗೆ (ಬೀಜದ ಹೊಲದಲ್ಲಿ ಕೈಯಿಂದ ಪರಾಗಸ್ಪರ್ಶ ಮಾಡುವ ಕೆಲಸಕ್ಕೆ) ಬರುವವರ ದಿನಗೂಲಿ ಹಂಗಾಮಿನ ಪ್ರಕಾರ ಏರಿಳಿಯುತ್ತದೆ, ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಪ್ರಶ್ನೆ: ಗದಗದಲ್ಲಿ ಪ್ರೆಸ್ ಇದೆ. ಇಂಟರ್‌ವ್ಯೂಗೆ ಬಂದವರ ಹಳೇ ಸಂಬಳದ ಸ್ಲಿಪ್ ಕೂಡಿಸಿಟ್ಟರೆ ಅದೇ ಸರ್ವೆ ಆಗಲ್ವಾ?

ಉತ್ತರ: ಆಗಲ್ಲ. ಸಂಬಳ ಚೆನ್ನಾಗಿರುವವರು ನಿಮ್ಮ ಇಂಟರ್‌ವ್ಯೂಗೆ ಬರುವುದು ಕಡಿಮೆ. ಹಾಗಾಗಿ ಆ ಸ್ಲಿಪ್‌ಗಳು ಊರಿನ ನಿಜವಾದ ದರಕ್ಕಿಂತ ಕೆಳಗೇ ತೋರಿಸುವ ಸಾಧ್ಯತೆ ಜಾಸ್ತಿ. ಅದಕ್ಕಿಂತ ನಿಮ್ಮಲ್ಲಿಂದ ಬಿಟ್ಟು ಹೋಗುವವರನ್ನು ಕೂರಿಸಿ, ಅಲ್ಲಿ ಏನು ಆಫರ್ ಕೊಟ್ಟರು ಅಂತ ಸಮಾಧಾನದಿಂದ ಕೇಳಿ. ಹೇಳಿದರೆ ಹುದ್ದೆ, ಅನುಭವ, ಗ್ರಾಸ್, ತಾರೀಖು ಬರೆದುಕೊಳ್ಳಿ, ಹೆಸರು ಬೇಡ. ಮತ್ತೆ, ಕೂಡಿಸಿಟ್ಟ ಹಳೇ ಸ್ಲಿಪ್‌ಗಳನ್ನು ಹರಿದುಹಾಕಿ.