ಪ್ರತಿಕ್ರಿಯೆ: ನನ್ನ ಖಾತೆ ಇದ್ದರೂ ನನ್ನ ಫೋನಿನಲ್ಲಿ ಯುಪಿಐ ಯಾಕೆ ಬರುತ್ತಿಲ್ಲ?

ನಿಮ್ಮ ಫೋನ್ ಕೆಟ್ಟಿಲ್ಲ. ಖಾತೆ ನಿಮ್ಮದೇ, ಆದರೆ ಬ್ಯಾಂಕಿಗೆ ಯಜಮಾನರ ಮೊಬೈಲ್ ನಂಬರ್ ಕೊಟ್ಟಿದ್ದೀರಿ ಅಂತ ಬರೆದಿದ್ದೀರಲ್ಲ, ತೊಂದರೆ ಬಹುಶಃ ಅಲ್ಲೇ ಇದೆ. ಬ್ಯಾಂಕಿನಲ್ಲಿರುವ ನಂಬರಿನ ಸಿಮ್ ಫೋನಿನಲ್ಲಿದ್ದರೆ ಮಾತ್ರ ಯುಪಿಐಗೆ ಖಾತೆ ಸಿಗುತ್ತದೆ.

ಮೊದಲು ಪಾಸ್‌ಬುಕ್, ಆಧಾರ್, ಪ್ಯಾನ್ ಹಿಡಿದು ಮುಂಬೈ ಹತ್ತಿರದ ಡೊಂಬಿವಲಿಯ ನಿಮ್ಮ ಬ್ಯಾಂಕ್ ಶಾಖೆಗೆ ಹೋಗಿ, ನಂಬರ್ ಬದಲಿಸುವ ಫಾರ್ಮ್ ಕೇಳಿ. ಮರಾಠಿ ಓದಲು ಬರುವುದಿಲ್ಲ ಅಂತ ಹಿಂಜರಿಯಬೇಡಿ. ನನ್ನ ಅತ್ತಿಗೆ ಠಾಣೆ ಊರಿನ ಬ್ಯಾಂಕಿನಲ್ಲಿ ಕೌಂಟರಿನವರನ್ನೇ ಕೇಳಿಕೊಂಡು ತುಂಬಿಸಿದರು. ಖಾತೆ ಜಂಟಿಯೋ ಅಲ್ಲವೋ ನೀವು ಹೇಳಿಲ್ಲ. ಜಂಟಿಯಾದರೆ ಇಬ್ಬರ ಸಹಿಯೂ ಬೇಕಾಗಬಹುದು.

ಹೊಸ ನಂಬರಿಗೆ ಬ್ಯಾಂಕಿನ ಮೆಸೇಜ್ ಬಂದ ಮೇಲೆ ಯುಪಿಐಗೆ ಇರುವ ಭೀಮ್ ಆ್ಯಪ್ ತೆರೆಯಿರಿ, ಅದರಲ್ಲಿ ಕನ್ನಡವೂ ಇದೆ. ಅದು ನಿಮ್ಮ ಸಿಮ್‌ನಿಂದ ಒಂದು ಎಸ್ಎಂಎಸ್ ಕಳಿಸುತ್ತದೆ, ಸ್ವಲ್ಪ ಬ್ಯಾಲೆನ್ಸ್ ಇರಲಿ. ಪಿನ್ ಇಡಲು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಅವಧಿ ಮುಗಿಯುವ ತಿಂಗಳು-ವರ್ಷ, ಓಟಿಪಿ ಬೇಕು. ಕಾರ್ಡ್ ಇಲ್ಲವೇ? ಆಧಾರ್ ಓಟಿಪಿಯಿಂದಲೂ ಆಗುತ್ತದೆ, ಆದರೆ ಆಧಾರಿಗೂ ಅದೇ ನಂಬರ್ ಜೋಡಿಸಿರಬೇಕು. ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಿಂತ ಜಾಸ್ತಿ ಕಳಿಸಲಾಗುವುದಿಲ್ಲ, ಗಾಬರಿ ಬೇಡ.

ಪಿನ್ ನಿಮ್ಮೊಬ್ಬರಿಗೇ ಗೊತ್ತಿರಲಿ, ಮನೆಯವರಿಗೂ ಬೇಡ. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ಒತ್ತಿ ಅಂದವರು ಮೋಸಗಾರರು. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.